ನಲವತ್ತು ಎಣಿಸುವಷ್ಟು ಹೊತ್ತು

ಗುಮ್ಮಟದ ಆಫೀಸಿನ ದಪ್ಪ ರಿಜಿಸ್ಟರಿನಲ್ಲಿ ಆರು ಕಾಲಂ ಇವೆ. ತಾರೀಖು, ಮನೆ, ಕೈ ಯಾರದು, ಚೌಕದ ನಂಬರು, ಗಾಜು ಹೇಗೆ ಬಂತು, ಕೊನೆಗೆ ಕಾರಣ. ಮೊದಲಿನ ಐದು ಅಗಲವಾಗಿವೆ. ಕಾರಣದ ಕಾಲಂ ಮಾತ್ರ ನನ್ನ ಹೆಬ್ಬೆರಳಿನಷ್ಟು. ಗಾಜು ಕೆಡಲು ಬಹಳ ಕಾರಣಗಳಿಲ್ಲವೆಂದು ಗೆರೆ ಎಳೆದವರು ತಿಳಿದಿದ್ದರೇನೋ. ನಿದ್ದೆ, ಸೀನು, ಕೆಮ್ಮು, ಸೊಳ್ಳೆ. ಎಲ್ಲವೂ ಆ ಅಗಲಕ್ಕೆ ಹಿಡಿಸುತ್ತವೆ. ನನ್ನ ಹೆಸರಿನ ಮುಂದೆ ಹದಿನಾಲ್ಕು ವರ್ಷ ಆ ಜಾಗ ಖಾಲಿ ಇತ್ತು. ನನ್ನ ಕಾರಣ ಅಲ್ಲಿ ಹಿಡಿಸುವಂಥದ್ದಾಗಿರಲಿಲ್ಲ. ನಾಳೆಗೆ ಕಾಳು ನೆನೆಹಾಕಿ ಆಗಿದೆ, ಮಗಳು ಮಲಗಿದ್ದಾಳೆ. ಇಲ್ಲಿ ಹಾಳೆ ಅಗಲವಾಗಿದೆ, ಬರೆಯುತ್ತೇನೆ.

ನಮ್ಮ ಊರಿನ ಗುಡ್ಡದ ಮೇಲೆ ಗುಮ್ಮಟದೊಳಗಿರುವ ದುರ್ಬೀನು ನನ್ನ ಅಜ್ಜಿಯ ಅಜ್ಜಿಗೂ ಹಳೆಯದೇ ಆಗಿತ್ತಂತೆ. ಒಂದು ಕೊಳವೆಯಲ್ಲ, ಎರಡು, ಒಂದೇ ನೊಗಕ್ಕೆ ಹೂಡಿದ ಎತ್ತುಗಳ ಹಾಗೆ. ದಪ್ಪ ಕೊಳವೆಯ ಹಿಂದೆ ಮದ್ದು ಸವರಿದ ಗಾಜಿನ ಹಲಗೆ ಕೂರುತ್ತದೆ, ಅದರ ಮೇಲೆ ಆಕಾಶದ ಒಂದು ಚೌಕ ಇಳಿಯುತ್ತದೆ. ಸಣ್ಣ ಕೊಳವೆಗೆ ಮನುಷ್ಯರು ಕಣ್ಣಿಡಬೇಕು. ಅದರೊಳಗೆ ಜೇಡರ ಬಲೆಯ ಎರಡು ಎಳೆಗಳನ್ನು ಅಡ್ಡಡ್ಡ ಕಟ್ಟಿರುತ್ತಾರೆ. ಎಳೆಗಳು ಕೂಡುವ ಜಾಗಕ್ಕೆ ಒಂದು ಚುಕ್ಕಿಯನ್ನು ತಂದು ನಿಲ್ಲಿಸಿ, ಹಿತ್ತಾಳೆಯ ಗಾಲಿಯನ್ನು ಇಷ್ಟಿಷ್ಟೇ ತಿರುಗಿಸುತ್ತ ಎರಡು ತಾಸು ಅದು ಅಲ್ಲಾಡದಂತೆ ನೋಡಿಕೊಳ್ಳಬೇಕು. ಕಲ್ಲಿನ ತೂಕದಿಂದ ಓಡುವ ಗಡಿಯಾರವೊಂದು ದುರ್ಬೀನನ್ನು ಆಕಾಶದ ಜೊತೆ ತಿರುಗಿಸುತ್ತದೆ ನಿಜ. ಆದರೆ ಅದಕ್ಕೂ ವಯಸ್ಸಾಗಿದೆ, ಕೈಬಿಟ್ಟರೆ ಜಾರುತ್ತದೆ. ನಾವು ಇದಕ್ಕೆ ಆಕಾಶ ಹಿಡಿಯುವುದು ಎನ್ನುತ್ತೇವೆ. ಪ್ರತಿ ಮನೆಗೆ ವರ್ಷಕ್ಕೊಂದು ರಾತ್ರಿ ಪಾಳಿ. ಹದಿನಾರು ತುಂಬಿದವರ ಹೆಸರು ಪಾಳಿಯ ಪಟ್ಟಿಗೆ ಸೇರುತ್ತದೆ.

ಗಾಜು ಹೇಗೆ ಬಂತೋ ಆಕಾಶ ಹಾಗಿರುತ್ತದೆ. ಹಿಡಿದವರ ಕೈ ನಿಂತಿದ್ದರೆ ಮರುದಿನ ರಾತ್ರಿ ಆ ಚೌಕದ ಚುಕ್ಕಿಗಳು ಸೂಜಿ ಚುಚ್ಚಿದಷ್ಟು ಚೊಕ್ಕ. ಕೈ ನಡುಗಿದ್ದರೆ ಚುಕ್ಕಿಗಳೂ ಸವರಿಕೊಂಡಿರುತ್ತವೆ, ಸವರಿಕೊಂಡೇ ಇರುತ್ತವೆ. ಬಾಳಪ್ಪಜ್ಜ ಹರೆಯದಲ್ಲಿ ಪಾಳಿಗೆ ಕೂತಾಗ ಒಮ್ಮೆ ಸೀನಿದ್ದ. ಆ ಚೌಕದಲ್ಲಿ ಒಂದೊಂದು ಚುಕ್ಕಿಗೂ ಮಗ್ಗುಲಲ್ಲೇ ಒಂದು ಅವಳಿ ಚುಕ್ಕಿ. ಬಾಳಪ್ಪನ ಸೀನು ಹುಣಸೆಮರದ ಮೇಲೆ ಬಂದಾಗ ಕುಂಬಾರರು ಆವಿಗೆಗೆ ಬೆಂಕಿ ಇಡುತ್ತಿದ್ದರು. ಬಡಿಗೇರರ ಕೆಮ್ಮು ಮುಳುಗಿದರೆ ಬೆಳಗಾಗಲು ಇನ್ನೊಂದು ತಾಸು. ಊರಿನವರಿಗೆ ದಾರಿ, ಹೊತ್ತು, ಬಿತ್ತನೆ ತೋರಿಸುವುದು ಇಂಥ ತಪ್ಪುಗಳೇ. ಚೊಕ್ಕ ಚುಕ್ಕಿಗಳೆಲ್ಲ ಒಂದೇ ತೆರ, ಯಾವುದು ಯಾವುದೆಂದು ಗುರುತು ಹಿಡಿಯುವವರು ಯಾರು.

ಕೆಟ್ಟ ಚೌಕವನ್ನು ಕೆಡಿಸಿದ ಕೈಯೇ ತಿದ್ದಬೇಕು. ಬೇರೆಯವರು ಹಿಡಿದರೆ ಗಾಜು ಬರಿದಾಗಿ ಬರುತ್ತದೆ, ಮರುದಿನ ಆ ಚೌಕದಲ್ಲಿ ಒಂದು ಚುಕ್ಕಿಯೂ ಇರುವುದಿಲ್ಲ. ಹಿಂದೆ ಪಾಟೀಲರ ಮನೆಯಲ್ಲಿ ಅಣ್ಣ ಕೆಡಿಸಿದ್ದನ್ನು ತಮ್ಮ ತಿದ್ದಲು ಹೋಗಿ ಕೆರೆಯ ಮೇಲಿನ ಆಕಾಶದಲ್ಲಿ ಈಗಲೂ ಬಾವಿಯ ಬಾಯಿಯಂಥ ಒಂದು ಕಪ್ಪು ಚೌಕ ಉಳಿದಿದೆ. ಆ ಕಡೆ ಮುಖ ಮಾಡಿ ಯಾರೂ ಮಲಗಲು ಹೊರಸು ಹಾಕುವುದಿಲ್ಲ. ಇನ್ನೊಂದು ನಿಯಮ, ಗುಮ್ಮಟದೊಳಗೆ ಒಬ್ಬರದೇ ಉಸಿರು. ಎರಡನೆಯ ಉಸಿರು ಒಳಗೆ ಒಯ್ದ ಮನೆಗೆ ಪಾಳಿ ಶಾಶ್ವತವಾಗಿ ಮುಚ್ಚುತ್ತದೆ.

ನನ್ನ ಚೌಕ ಇನ್ನೂರಾ ಹನ್ನೊಂದು. ಅದರಲ್ಲಿ ಏಳು ದೊಡ್ಡ ಚುಕ್ಕಿಗಳು, ಲೆಕ್ಕಕ್ಕೆ ಸಿಗದಷ್ಟು ಸಣ್ಣವು. ಪ್ರತಿಯೊಂದಕ್ಕೂ ಎಡಕ್ಕೆ ಬಾಗಿದ ಒಂದು ಕೊಕ್ಕೆ. ನಾನು ಪಾಳಿಯಲ್ಲಿ ನಿದ್ದೆ ಹೋದೆನೆಂದು ತಿಳಿದು ಊರು ಅದನ್ನು ನಿದ್ದೆಯವ್ವನ ಕೊಕ್ಕೆ ಎಂದು ಕರೆಯಿತು. ಆ ಹೆಸರು ಆಕಾಶದಿಂದ ಇಳಿದು ನನಗೂ ಅಂಟಿಕೊಂಡಿತು. ನನ್ನ ಹೆಸರು ಫಕೀರವ್ವ. ಅದು ಊರಿಗೆ ಮರೆತೇ ಹೋಗಿದೆ. ಹಗಲು ಗುಡ್ಡದ ಕತ್ತಲೆ ಕೋಣೆಯಲ್ಲಿ ಗಾಜು ತೊಳೆಯುತ್ತೇನೆ, ಸಂಜೆ ಮನೆಮನೆಯ ರವಿಕೆ ಹೊಲಿಯುತ್ತೇನೆ, ನಸುಕಿನಲ್ಲಿ ಎದ್ದು ಖಾನಾವಳಿಗೆ ಐವತ್ತು ರೊಟ್ಟಿ ಬಡಿದುಕೊಡುತ್ತೇನೆ. ಇಷ್ಟೆಲ್ಲ ಮಾಡುವವಳನ್ನು ಊರು ನಿದ್ದೆಯವ್ವ ಎನ್ನುತ್ತಿತ್ತು. ನನ್ನ ಮಗಳು ಕಸ್ತೂರಿ ಸಾಲೆಯಲ್ಲಿ ನಿದ್ದೆಯವ್ವನ ಮಗಳು. ಹಾಜರಿ ಹೇಳುವುದು ಒಂದು ಚೂರು ತಡವಾದರೆ ಹಿಂದಿನ ಬೆಂಚಿನಿಂದ ಗೊರಕೆ ಕೇಳಿಸುತ್ತಿತ್ತಂತೆ.

ಹಿಂದಿನ ಮೇಲ್ವಿಚಾರಕರು ನನ್ನ ಖಾಲಿ ಕಾಲಂ ಅನ್ನು ಕಂಡೂ ಕಾಣದ ಹಾಗೆ ಇದ್ದರು. ಕಾರಣ ಬರೆಯುವವರೆಗೆ ನಮ್ಮ ಮನೆಗೆ ಪಾಳಿ ಇಲ್ಲ, ತಿದ್ದಲು ಕರೆಯೂ ಇಲ್ಲ, ಅಷ್ಟೇ. ಕಳೆದ ವರ್ಷ ಅವರ ಜಾಗಕ್ಕೆ ಗಲಗಲಿ ಸಾಹೇಬರು ಬಂದರು. ಕೆಟ್ಟ ಮನುಷ್ಯರಲ್ಲ. ಮೆತ್ತಗೆ ಮಾತಾಡುತ್ತಾರೆ, ಬಾಗಿಲಲ್ಲಿ ಚಪ್ಪಲಿ ಜೋಡಿಸಿ ಇಡುತ್ತಾರೆ. ಅವರಿಗೆ ಚೊಕ್ಕ ಆಕಾಶ ಬೇಕು. ಬಂದ ತಿಂಗಳಲ್ಲೇ ಎಂಬತ್ತು ದಾಟಿದ ಬಾಳಪ್ಪಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡ ಹತ್ತಿಸಿದರು. ಅಜ್ಜ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಎರಡು ತಾಸು ಕೂತ. ಸೀನು ಹೋಯಿತು. ಚಪ್ಪಾಳೆ ತಟ್ಟಿ ಶಾಲು ಹೊದಿಸಿದರು. ಆ ತಿಂಗಳು ಹೊತ್ತು ತಿಳಿಯದೆ ಕುಂಬಾರರ ಮೂರು ಆವಿಗೆ ಹಸಿಹಸಿಯಾಗಿ ಉಳಿದವು. ಅಜ್ಜ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರು ಮಾಡಿದ. ರಾತ್ರಿ ಹೊರಗೆ ಬಾ ಅಂದರೆ, ಅಲ್ಲಿ ನಂದೇನು ಐತಿ, ಎಂದು ಕೇಳುತ್ತಿದ್ದನಂತೆ.

ಆಮೇಲೆ ನನಗೆ ಚೀಟಿ ಬಂತು. ಬರುವ ಸೋಮವಾರದೊಳಗೆ ಕಾರಣ ಬರೆಯಬೇಕು, ಅಮಾವಾಸ್ಯೆಯ ರಾತ್ರಿ ಇನ್ನೂರಾ ಹನ್ನೊಂದನ್ನು ತಿದ್ದಬೇಕು. ನಿದ್ದೆ, ಸೀನು ಮುಂತಾದ ಸಾಮಾನ್ಯ ಕಾರಣವಾದರೆ ಮನೆಯ ಪಾಳಿ ಮತ್ತೆ ಶುರುವಾಗುತ್ತದೆ, ಮಗಳ ಹೆಸರನ್ನೂ ಪಟ್ಟಿಗೆ ಸೇರಿಸಲಾಗುತ್ತದೆ. ಕಸ್ತೂರಿಗೆ ಆ ತಿಂಗಳೇ ಹದಿನಾರು ತುಂಬಿತ್ತು.

ಊರೆಲ್ಲ ಒಂದೇ ಮಾತು, ಬರೆದುಬಿಡು. ಹಾಲಿನ ಯಂಕಪ್ಪ ನಮ್ಮ ಕೊಕ್ಕೆ ಸಾಲೆಯ ಧ್ವಜದ ಕಂಬಕ್ಕೆ ತಾಗಿದಾಗ ಹಿಂಡಲು ಏಳುವವನು. ಅದು ಅಳಿದರೆ ಅವನಿಗೇ ತೊಂದರೆ. ಅವನೂ ಅದನ್ನೇ ಹೇಳಿದ. "ಅಕ್ಕಾ, ನಿದ್ದಿ ಅಂತ ಎರಡಕ್ಷರ ಬರದ್ರ ನಿಂದೇನು ಗಂಟು ಹೋಗತೈತಿ? ನಾ ದಿನಾ ಎಮ್ಮಿ ಬುಡಕ ಕುಂತಲ್ಲೇ ತೂಕಡಸ್ತೀನಿ. ಎಮ್ಮಿ ಒದ್ದು ಎಬ್ಬಸತೈತಿ, ನಾನೇನು ಅದರ ಮ್ಯಾಲ ದಾವಾ ಹಾಕೇನೇನು?"

ಕಸ್ತೂರಿ ನಗಲಿಲ್ಲ. ಅವಳಿಗೆ ಆ ದುರ್ಬೀನು ಬೇಕಿತ್ತು. ಚಿಕ್ಕಂದಿನಿಂದ ನನ್ನ ಜೊತೆ ಕತ್ತಲೆ ಕೋಣೆಯಲ್ಲಿ ಗಾಜುಗಳ ನಡುವೆ ಬೆಳೆದವಳು. ಚೌಕದ ನಂಬರು ಹೇಳಿದರೆ ಅದರಲ್ಲಿ ಎಷ್ಟು ಚುಕ್ಕಿ, ಯಾರ ಕೈ ಎಂದು ಹೇಳಬಲ್ಲಳು. ಆದರೆ ಆ ಸಣ್ಣ ಕೊಳವೆಗೆ ಒಮ್ಮೆಯೂ ಕಣ್ಣಿಟ್ಟವಳಲ್ಲ. ಪಾಳಿ ಇಲ್ಲದ ಮನೆಯವರು ಗುಮ್ಮಟದ ಮೆಟ್ಟಿಲು ಹತ್ತುವಂತಿಲ್ಲ, ಕತ್ತಲೆ ಕೋಣೆಯ ಬಾಗಿಲೇ ನಮ್ಮ ಗಡಿ. ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದ ನನ್ನ ಎದುರು ಬಂದು ನಿಂತಳು.

"ನಮ್ಮ ಕ್ಲಾಸಿನ ಆ ಮೂಗು ಸುರಕ ಚಂದ್ರವ್ವನೂ ಆಕಾಶ ಹಿಡದು ಬಂದ್ಲು. ನಾ ಒಬ್ಬಾಕಿ ಉಳದೇನಿ. ಊರಿಗೆಲ್ಲಾ ಗೊತ್ತಿದ್ದದ್ದನ್ನ ಬರಿಯಾಕ ನಿನಗೇನು ಧಾಡಿ?"

ನಾನು ಮಲಗಿರಲಿಲ್ಲ ಎಂದೆ.

"ಹಂಗಾದ್ರ ಏನು ಮಾಡಾಕತ್ತಿದ್ದಿ?"

ಆರಿಸಿದ ಬೇಳೆಯನ್ನೇ ಮತ್ತೆ ಆರಿಸಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಊಟ ಮಾಡಲಿಲ್ಲ.

ಸುಳ್ಳು ಬರೆಯುವುದು ನನಗೆ ಎಷ್ಟು ಸಲೀಸಾಗಿತ್ತು ಎಂದು ಹೇಳಿಬಿಡಬೇಕು. ನಿಜ ಗೊತ್ತಿದ್ದವರು ಇಬ್ಬರೇ. ಕತ್ತಲೆ ಕೋಣೆಯಲ್ಲಿ ನನಗಿಂತ ಮೊದಲು ಗಾಜು ತೊಳೆಯುತ್ತಿದ್ದ ಇಮಾಮಸಾಬರು ತೀರಿಕೊಂಡು ಒಂಬತ್ತು ವರ್ಷವಾಯಿತು. ಇನ್ನೊಬ್ಬಳು ನಾನು. ನಿದ್ದೆ ಎಂದು ಬರೆದರೆ ಮಗಳಿಗೆ ದುರ್ಬೀನು ಸಿಗುತ್ತದೆ. ನಿಜ ಬರೆದರೆ ಅವಳಿಗೂ ಇಲ್ಲ, ಅವಳ ಮಕ್ಕಳಿಗೂ ಇಲ್ಲ. ತಾಯಿಯಾದವಳು ಇದರಲ್ಲಿ ಯೋಚಿಸುವುದು ಏನಿದೆ ಎಂದು ನನಗೇ ನಾನು ಬೈದುಕೊಂಡೆ. ಮೂರು ದಿನ ಪೆನ್ನು ಹಿಡಿದು ಕೈಗೆ ಆ ಎರಡಕ್ಷರವನ್ನು ಕಲಿಸಲು ನೋಡಿದೆ. ಹಳೆಯ ರವಿಕೆ ಅಳತೆಯ ಚೀಟಿಗಳ ಹಿಂದೆ ಬರೆದೆ, ಹೊಡೆದೆ. ಎರಡಕ್ಷರ ಅಷ್ಟೇ. ಅದರ ಅಡಿಯಲ್ಲಿ ಆ ರಾತ್ರಿ ಪೂರಾ ಮುಚ್ಚಿಹೋಗುತ್ತಿತ್ತು.

ಶನಿವಾರ ಮಧ್ಯಾಹ್ನ ಕಸ್ತೂರಿ ಕತ್ತಲೆ ಕೋಣೆಗೆ ಬುತ್ತಿ ತಂದಳು. ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು. ಬಾಗಿಲು ಹಾಕು ಎಂದೆ. ಕೆಂಪು ದೀಪ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಬೆಳಕಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ.

ನಾನು ಇನ್ನೂರಾ ಹನ್ನೊಂದನ್ನು ಹಿಡಿದ ರಾತ್ರಿ ಅವಳಿಗೆ ಒಂದೂವರೆ ವರ್ಷ. ಅವರಪ್ಪ ಸುಣ್ಣದ ಭಟ್ಟಿಯಲ್ಲಿ ಸತ್ತು ಮೂರು ತಿಂಗಳಾಗಿತ್ತು. ಪಾಳಿಗೆ ಹೋಗದಿದ್ದರೆ ಮನೆಯ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಮಗುವನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದ ಪಕ್ಕದ ಮನೆಯ ಸೂಲಗಿತ್ತಿಗೆ ಅದೇ ಸಂಜೆ ಹೆರಿಗೆಯ ಕರೆ ಬಂತು. ಮಗುವಿಗೆ ಮಧ್ಯಾಹ್ನದಿಂದ ಜ್ವರ. ನಾನು ಅದನ್ನು ಕೌದಿಯಲ್ಲಿ ಸುತ್ತಿ ರೊಟ್ಟಿಯ ಬುಟ್ಟಿಯಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿದೆ. ಬಾಗಿಲ ಕಾವಲಿನವನು ಬುಟ್ಟಿ ನೋಡಿ, ಇಷ್ಟು ರೊಟ್ಟಿ ಯಾರಿಗೆ ಬೇ ಎಂದು ನಕ್ಕ. ಒಳಗೆ ಏಣಿಯ ಕೆಳಗೆ ಬುಟ್ಟಿ ಇಟ್ಟು ಚುಕ್ಕಿ ಹಿಡಿದೆ. ಒಂದೂಕಾಲು ತಾಸು ಅದು ಎಳೆಗಳ ಮೇಲಿಂದ ಕದಲಲಿಲ್ಲ. ಆಮೇಲೆ ಕೆಳಗೆ ಹಿಮ್ಮಡಿ ಬುಟ್ಟಿಗೆ ಬಡಿಯುವ ಸದ್ದು ಕೇಳಿತು. ಒಂದೇ ಸಮ ಬಡಿಯುತ್ತಿತ್ತು. ಇಳಿದು ನೋಡಿದರೆ ಮಗುವಿಗೆ ಫಿಟ್ಸು. ಕಣ್ಣು ಮೇಲೆ ಸಿಕ್ಕಿಕೊಂಡಿವೆ. ಮಗ್ಗುಲಿಗೆ ಹೊರಳಿಸಿ, ಸೆರಗಿನಿಂದ ಬಾಯಿ ಒರೆಸಿ, ಎಣಿಸತೊಡಗಿದೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ. ಎಣಿಸುತ್ತಿದ್ದರೆ ಎಲ್ಲೋ ಒಂದು ಕಡೆ ಮುಗಿಯಲೇಬೇಕಲ್ಲ ಎಂದಿರಬೇಕು. ನಲವತ್ತಕ್ಕೆ ಅದು ಅತ್ತಿತು. ಎತ್ತಿಕೊಂಡು ಏಣಿ ಹತ್ತಿ, ಅಷ್ಟು ಹೊತ್ತಿಗೆ ದೂರ ಜಾರಿದ್ದ ಚುಕ್ಕಿಯನ್ನು ಮತ್ತೆ ತಂದು ನಿಲ್ಲಿಸಿದೆ. ಉಳಿದ ಮುಕ್ಕಾಲು ತಾಸು ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹಿಡಿದೆ.

ಬೆಳಿಗ್ಗೆ ಗಾಜು ತೊಳೆದ ಇಮಾಮಸಾಬರು ನನ್ನನ್ನು ಒಳಗೆ ಕರೆದರು. ಗುಮ್ಮಟದಲ್ಲಿ ಬಿಟ್ಟ ಉಸಿರು ಗಾಜಿನ ಮೂಲೆಯಲ್ಲಿ ಹಾಲುಬಣ್ಣದ ಬಳೆಯಾಗಿ ಕೂರುತ್ತದೆ, ಒಬ್ಬರಿಗೆ ಒಂದು. ಅದು ಕಾಣುವುದು ಗಾಜು ಹಸಿ ಇರುವಾಗ, ತೊಳೆಯುವ ಹೊತ್ತಿಗೆ ಹತ್ತಿರ ಇದ್ದವರ ಕಣ್ಣಿಗೆ ಮಾತ್ರ.

"ಎರಡು ಉಸುರು ಅದಾವಲ್ಲ ಬೇ," ಎಂದರು. "ಒಂದು ಭಾಳ ಸಣ್ಣದು. ಬದುಕೈತೇನು?"

ಹೂಂ ಎಂದೆ. ಅವರು ಹತ್ತಿ ಒದ್ದೆ ಮಾಡಿ ಆ ಮೂಲೆಯನ್ನು ಒರೆಸಿ, ಗಾಜನ್ನು ಒಣಗಲು ಇಟ್ಟರು. ತಿಂಗಳು ಕಳೆದ ಮೇಲೆ, ನನ್ನ ಕೈಕೆಳಗೆ ಎಚ್ಚರ ಇರುವವರು ಬೇಕು ಎಂದು ಆಫೀಸಿಗೆ ಹೇಳಿ ನನಗೆ ಈ ಕೆಲಸ ಕೊಡಿಸಿದರು.

ಇಷ್ಟು ಹೇಳಿ ಮುಗಿಸುವವರೆಗೆ ನಾನು ಮದ್ದಿನ ತಟ್ಟೆಯನ್ನು ಅಲ್ಲಾಡಿಸುತ್ತಲೇ ಇದ್ದೆ. ಕಸ್ತೂರಿ ಬಂದು ತಟ್ಟೆಯನ್ನು ನನ್ನ ಕೈಯಿಂದ ತಗೊಂಡು ತಾನು ಅಲ್ಲಾಡಿಸಿದಳು. ಅಲ್ಲಾಡಿಸುತ್ತಲೇ ಕೇಳಿದಳು.

"ಆ ಕೊಕ್ಕಿ ನಂದಾ?"

ಇಬ್ಬರದೂ ಎಂದೆ.

"ನಿದ್ದಿ ಅಂತ ಬರೀಬ್ಯಾಡ."

ಬರೆಯದಿದ್ದರೆ ನಿನ್ನ ಹೆಸರು ಪಟ್ಟಿಗೆ ಬರುವುದಿಲ್ಲ, ಎಂದೂ ಬರುವುದಿಲ್ಲ, ತಿಳಿದುಕೋ ಎಂದೆ.

"ಬರೀಬ್ಯಾಡ ಅಂದ್ನೆಲ್ಲ," ಎಂದಳು. ಕೆಂಪು ಬೆಳಕಿನಲ್ಲಿ ಮುಖ ನೋಡಿಕೊಳ್ಳದೆ ಇಬ್ಬರೂ ರೊಟ್ಟಿ ತಿಂದೆವು.

ಸೋಮವಾರ ಅವಳನ್ನು ಕರೆದುಕೊಂಡೇ ಆಫೀಸಿಗೆ ಹೋದೆ. ಗಲಗಲಿ ಸಾಹೇಬರು ರಿಜಿಸ್ಟರು ತೆಗೆದು, ಹಾಳೆ ಸರಿಮಾಡಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಕಾರಣದ ಕಾಲಂನಿಂದ ಶುರು ಮಾಡಿದೆ. ಹಿಡಿಸಲಿಲ್ಲ. ಅಂಚಿನಲ್ಲಿ ಬರೆದೆ, ರಿಜಿಸ್ಟರನ್ನು ಅಡ್ಡ ತಿರುಗಿಸಿ ಮೇಲಿನ ಖಾಲಿ ಜಾಗದಲ್ಲಿ ಬರೆದೆ. ಮಗುವಿಗೆ ಜ್ವರ ಇತ್ತು. ಒಳಗೆ ಒಯ್ದೆ. ಫಿಟ್ಸು ಬಂತು. ಗಾಲಿ ಬಿಟ್ಟು ಮಗುವನ್ನು ಹಿಡಿದೆ. ನಲವತ್ತು ಎಣಿಸುವಷ್ಟು ಹೊತ್ತು. ಮಲಗಿರಲಿಲ್ಲ. ಕೊನೆಯ ಮಾತಿನ ಅಡಿಗೆ ಗೆರೆ ಎಳೆದೆ.

ಸಾಹೇಬರು ತಲೆ ಓರೆ ಮಾಡಿಕೊಂಡು ಓದಿದರು. ಎದ್ದು ಹೋಗಿ ಬಾಗಿಲು ಎಳೆದು ಮುಂದೆ ಮಾಡಿದರು. ಈ ಹಾಳೆಯ ಮೇಲೆ ಮಸಿ ಚೆಲ್ಲಿತು ಎಂದು ತಿಳಿಯೋಣ ಎಂದರು. ಹೊಸ ಹಾಳೆಯಲ್ಲಿ ಒಂದು ಶಬ್ದ ಬರೆಯಿರಿ, ಯಾರಿಗೂ ತಿಳಿಯುವುದಿಲ್ಲ, ಹುಡುಗಿಯ ಮುಖ ನೋಡಿಯಾದರೂ ಬರೆಯಿರಿ. ಅವರು ನಿಜವಾಗಿಯೂ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಊರಿನ ಅತಿ ಚೊಕ್ಕ ಗಾಜು ಕಟ್ಟು ಹಾಕಿಸಿಕೊಂಡು ನಿಂತಿತ್ತು. ಅದನ್ನು ತೊಳೆದವಳು ನಾನು. ತೊಳೆಯುವಾಗ ಅದರ ಮೂಲೆಯಲ್ಲಿ ಎರಡು ಬಳೆ ಇದ್ದವು, ಎರಡೂ ದೊಡ್ಡವು. ಗಂಡನ ಪಾಳಿಗೆ ಹೆಂಡತಿ ಹೋಗಿ ನಿದ್ದೆ ಬರದಂತೆ ಮಾತಾಡುತ್ತ ಕೂತಿರಬೇಕು. ಅಂಥವನ್ನು ಈ ವರ್ಷಗಳಲ್ಲಿ ಎಷ್ಟು ನೋಡಿದ್ದೇನೆ, ಎಷ್ಟು ಒರೆಸಿದ್ದೇನೆ. ನಾನು ತೊಳೆದ ಒಳ್ಳೆಯ ಗಾಜುಗಳಲ್ಲಿ ಒಂಟಿ ಉಸಿರಿನವು ಕಡಿಮೆ.

ನನ್ನ ಕಣ್ಣು ಎಲ್ಲಿ ನಿಂತಿತು ಎಂದು ಅವರು ಗಮನಿಸಿದರೇನೋ. ಬೇರೆ ಯಾರಾದರೂ ಹೀಗೆ ಒಳಗೆ ಹೋಗಿದ್ದು ನಿಮಗೆ ಗೊತ್ತಿದ್ದರೆ ಹೇಳಿ, ನಿಮ್ಮ ವಿಷಯ ಹಗುರಾಗುತ್ತದೆ ಎಂದರು.

"ನನ್ನ ಗಾಜಿಂದು ಕೇಳ್ರಿ, ಹೇಳ್ತೀನಿ," ಎಂದೆ. "ಮಂದೀದು ನಾ ತೊಳಿಯಾಕಿ, ಓದಾಕಿ ಅಲ್ಲ."

ಅವರು ಉಸಿರು ಬಿಟ್ಟು ನಿಯಮದ ಪುಸ್ತಕ ತೆಗೆದರು. ಕಾರಣ ಬರೆದ ಮೇಲೆ, ಕೆಡಿಸಿದ ಕೈಯನ್ನು ಚೌಕ ತಿದ್ದುವವರೆಗೆ ವರ್ಷಕ್ಕೊಮ್ಮೆ ಕರೆಯತಕ್ಕದ್ದು. ಕಾರಣ ಎರಡನೆಯ ಉಸಿರಾಗಿದ್ದರೆ, ಚೌಕ ತಿದ್ದಿದ ದಿನ ಆ ಮನೆಯ ಪಾಳಿ ಮುಚ್ಚತಕ್ಕದ್ದು. ಎರಡು ಸಲ ಓದಿದರು, ಎರಡನೆಯ ಸಲ ನಿಧಾನವಾಗಿ. ಅಮಾವಾಸ್ಯೆಗೆ ಬಂದು ತಿದ್ದಿಕೊಡಿ, ಆಮೇಲೆ ಮುಚ್ಚುತ್ತೇನೆ ಎಂದರು. ಕಸ್ತೂರಿ ಪುಸ್ತಕದ ಆ ಹಾಳೆಯನ್ನು ತಾನೂ ನೋಡಬಹುದೇ ಎಂದು ಕೇಳಿದಳು. ತುಟಿ ಅಲ್ಲಾಡಿಸುತ್ತ ಓದಿ, ಮಡಚಿ ಕೊಟ್ಟಳು.

ಅಮಾವಾಸ್ಯೆಯ ರಾತ್ರಿ ಅವಳ ಕೈ ಹಿಡಿದುಕೊಂಡು ಗುಡ್ಡ ಹತ್ತಿದೆ. ಕೌದಿಯಿಲ್ಲ, ಬುಟ್ಟಿಯಿಲ್ಲ, ಎಲ್ಲರ ಎದುರೇ. ಬಾಗಿಲಲ್ಲಿ ಸಾಹೇಬರು ಅಡ್ಡ ನಿಂತರು. ಇದು ಎರಡನೆಯ ಉಸಿರು ಎಂದರು.

"ಹೌದ್ರಿ. ಹೆಂಗೂ ಮುಚ್ಚೋರದೀರಿ. ಇನ್ನೇನು ಮುಚ್ಚತೀರಿ?"

ನಾನು ತಿರುಗಿ ಹೋದರೆ ಕೊಕ್ಕೆ ಅಲ್ಲೇ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಪಕ್ಕಕ್ಕೆ ಸರಿದರು.

ಗುಮ್ಮಟದ ಸೀಳು ತೆರೆದಾಗ ಕಸ್ತೂರಿ ಕತ್ತೆತ್ತಿ ನಿಂತಳು. ಗಡಿಯಾರಕ್ಕೆ ಕೀಲಿ ಕೊಟ್ಟೆ, ಗಾಜು ಕೂರಿಸಿದೆ, ಚುಕ್ಕಿಯನ್ನು ಎಳೆಗಳ ಮೇಲೆ ತಂದು, ನೋಡು ಬಾ ಎಂದೆ. ಅವಳು ಕಣ್ಣಿಟ್ಟಳು. ಆಮೇಲೆ ತೆಗೆಯಲೇ ಇಲ್ಲ. ಕೈ ತಾನಾಗಿ ಗಾಲಿಯ ಮೇಲೆ ಹೋಯಿತು. ನಾನು ಗಾಬರಿಯಿಂದ ಆ ಕೈ ಹಿಡಿದೆ. ಬೇರೆಯವರ ಕೈ ತಾಗಿದರೆ ಗಾಜು ಬರಿದಾಗುತ್ತದೆ, ಊರಿನ ನೆತ್ತಿಯ ಮೇಲೆ ಇನ್ನೊಂದು ಬಾವಿ ಬೀಳುತ್ತದೆ, ಯಂಕಪ್ಪನಿಂದ ಹಿಡಿದು ಯಾರೂ ನಮ್ಮನ್ನು ಬಿಡುವುದಿಲ್ಲ ಎಂದೆ.

"ಆವತ್ತು ಕೆಡಿಸಿದ್ದು ಯಾರ ಕೈ ಬೇ?" ಎಂದಳು, ಕಣ್ಣು ತೆಗೆಯದೆಯೇ. "ನೀ ಗಾಲಿ ಬಿಟ್ಟಿ. ಬಿಡಿಸಿದಾಕಿ ನಾನು. ನಂದು ಬ್ಯಾರೆ ಕೈ ಹೆಂಗ ಆಕ್ಕೈತಿ?"

ಅವಳು ಹೇಳಿದ್ದು ನಿಜವೋ ಸುಳ್ಳೋ ತಿಳಿಯಲು ಗಾಜು ತೊಳೆಯದೆ ದಾರಿಯಿರಲಿಲ್ಲ. ನಾನು ಹದಿನಾಲ್ಕು ವರ್ಷ ಎಲ್ಲವನ್ನೂ ಜೋಪಾನ ಮಾಡಿದ್ದೆ. ಬೆನ್ನು ನೋಯುತ್ತಿತ್ತು. ಕೈ ಬಿಟ್ಟೆ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ, ಹಿಂದೊಮ್ಮೆ ಬುಟ್ಟಿ ಇಟ್ಟಿದ್ದ ಜಾಗದಲ್ಲೇ ಕೂತೆ. ಅವಳು ಎಡಗೈಯವಳು. ಗಾಲಿಯನ್ನು ಆ ಕಡೆಯಿಂದ ಹಿಡಿದದ್ದು ನೋಡಲು ವಿಚಿತ್ರವಾಗಿತ್ತು, ಆದರೆ ಕೈ ನಿಂತಿತ್ತು. ನನಗಿಂತ ಚೆನ್ನಾಗಿ ನಿಂತಿತ್ತು.

ಒಂದೂಕಾಲು ತಾಸಾದಾಗ ಕೇಳಿದಳು, "ಯವ್ವಾ, ಚೌಕ ತಿದ್ದೂ ತನಕ ಅವರು ಕರೀಲೇಬೇಕು, ಹೌದಿಲ್ಲೋ?"

ಹೌದು ಎಂದೆ.

"ತಿದ್ದಿದ ದಿನ ಪಾಳಿ ಮುಚ್ಚತಾರ."

ಹೌದು ಎಂದೆ. ಚೌಕ ತಿದ್ದದೆ ಉಳಿದರೆ ಮುಚ್ಚುವ ದಿನವೇ ಬರುವುದಿಲ್ಲ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕಾಯುತ್ತಿದ್ದಳು.

"ಎಣಸು," ಎಂದಳು.

ನಾನು ಎಣಿಸಿದೆ. ದನಿ ಗುಮ್ಮಟಕ್ಕೆ ತಾಗಿ ತಿರುಗಿ ಬರುತ್ತಿತ್ತು. ಹೊರಗೆ ನಿಂತಿದ್ದ ಸಾಹೇಬರಿಗೂ ಕೇಳಿಸಿರಬೇಕು. ಇಪ್ಪತ್ತರ ಹೊತ್ತಿಗೆ ನನ್ನ ಕಣ್ಣು ತುಂಬಿದ್ದವು, ಮೂವತ್ತಕ್ಕೆ ನಗು ಬಂತು. ಅವಳು ಗಾಲಿಯನ್ನು ಅಷ್ಟಷ್ಟೇ ತಿರುಗಿಸುತ್ತ ಚುಕ್ಕಿಯನ್ನು ಎಳೆಗಳಿಂದ ಆಚೆ ಒಯ್ದಳು. ನಲವತ್ತಕ್ಕೆ ಮತ್ತೆ ತಂದು ನಿಲ್ಲಿಸಿ, ಉಳಿದ ಮುಕ್ಕಾಲು ತಾಸು ಅಲ್ಲಾಡಿಸಲಿಲ್ಲ.

ಕತ್ತಲೆ ಕೋಣೆಗೆ ಸಾಹೇಬರೂ ಬಂದರು, ಸಾಕ್ಷಿ ಬೇಕಲ್ಲ. ಗಾಜನ್ನು ತಟ್ಟೆಯಲ್ಲಿ ಮುಳುಗಿಸಿದೆ. ಕೆಂಪು ಬೆಳಕಿನಲ್ಲಿ ಮೂವರೂ ಬಗ್ಗಿ ನೋಡಿದೆವು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ, ಬರಿ ಗಾಜು. ಕಸ್ತೂರಿ ನನ್ನ ಸೆರಗಿನ ಚುಂಗನ್ನು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ. ನಾನು ತಟ್ಟೆ ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ನಡುವೆ ಒಂದು ಕರಿ ಚುಕ್ಕಿ ಮೂಡಿತು. ಗಾಜಿನ ಮೇಲೆ ಚುಕ್ಕಿಗಳು ಕರ್ರಗೇ ಬರುತ್ತವೆ. ಆಮೇಲೆ ಇನ್ನೊಂದು, ಆಮೇಲೆ ಏಳೂ, ಆಮೇಲೆ ಎಳ್ಳು ಚೆಲ್ಲಿದ ಹಾಗೆ ಎಲ್ಲವೂ. ಪ್ರತಿಯೊಂದಕ್ಕೂ ಕೊಕ್ಕೆ. ಈ ಸಲ ಬಲಕ್ಕೆ ಬಾಗಿದ್ದವು. ಮೂಲೆಯಲ್ಲಿ ಎರಡು ಬಳೆ, ಒಂದೇ ಅಳತೆಯವು. ನಾನು ಹತ್ತಿ ತಗೊಳ್ಳಲಿಲ್ಲ. ಹಾಗೇ ಬಿಟ್ಟು ಸಾಹೇಬರ ಮುಖದ ಮುಂದೆ ಹಿಡಿದೆ.

ಅವರು ಒಂದೊಂದು ಕೊಕ್ಕೆಯನ್ನೂ ನೋಡಿದರು. ಇದು ಕೆಟ್ಟಿದೆ ಎಂದರು. ಹೌದು, ಕೆಟ್ಟಿದೆ ಎಂದೆವು.

ಆಫೀಸಿನಲ್ಲಿ ದೀಪ ಹಚ್ಚಿ ರಿಜಿಸ್ಟರು ತೆರೆದರು. ತಾರೀಖು, ಮನೆ, ಚೌಕ ಇನ್ನೂರಾ ಹನ್ನೊಂದು, ಗಾಜು ಕೆಟ್ಟಿದೆ, ಎಲ್ಲವನ್ನೂ ಅವರೇ ಬರೆದರು. ಕೈ ಯಾರದು ಎಂಬಲ್ಲಿ ಪೆನ್ನು ನಿಂತಿತು. ಕಸ್ತೂರಿ ಪೆನ್ನು ಕೇಳಿ ತಗೊಂಡು ತನ್ನ ಹೆಸರು ಬರೆದಳು. ಆಮೇಲೆ ಕಾರಣದ ಕಾಲಂಗೆ ಬಂದಳು. ಬರೆದದ್ದು ಒಂದೇ ಶಬ್ದ. ಹೆಬ್ಬೆರಳಗಲದ ಆ ಜಾಗದಲ್ಲಿ ಸರಿಯಾಗಿ ಹಿಡಿಸಿತು, ಎರಡೂ ಕಡೆ ಇಷ್ಟಿಷ್ಟು ಜಾಗವೂ ಉಳಿಯಿತು.

ಬೇಕಂತಲೇ.

ಗಲಗಲಿ ಸಾಹೇಬರು ಅದನ್ನು ಓದಿದರು. ನಿಯಮದ ಪುಸ್ತಕ ತೆಗೆದು ಮತ್ತೆ ಓದಿದರು, ಒಂದು ಕಡೆ ಬೆರಳಿಟ್ಟು, ಇನ್ನೊಂದು ಕಡೆ ಬೆರಳಿಟ್ಟು. ಹೊರಗೆ ಯಂಕಪ್ಪನ ಡಬ್ಬಿಗಳ ಸದ್ದು ಕೇಳಿಸುತ್ತಿತ್ತು. ಕೊನೆಗೆ ಅವರು ಪಾಳಿಯ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡು, ಮುಂದಿನ ವರ್ಷದ ಹಾಳೆ ತಿರುವಿ, ತಮ್ಮ ಚೆಂದದ ಅಕ್ಷರದಲ್ಲಿ ನನ್ನ ಮಗಳ ಹೆಸರನ್ನು ಬರೆದರು. ಬರುವ ವರ್ಷವಾದರೂ ತಿದ್ದುತ್ತೀಯೇನಮ್ಮ ಎಂದು ಕೇಳಿದರು.

"ನೋಡೂಣ್ರಿ," ಎಂದಳು ಕಸ್ತೂರಿ.

ಮರುದಿನ ರಾತ್ರಿ ಊರೆಲ್ಲ ಅಂಗಳಕ್ಕೆ ಬಂದು ಕತ್ತೆತ್ತಿತು. ಕೊಕ್ಕೆ ಈಗ ಕಂಬಕ್ಕೆ ತಾಗುವುದು ಒಂದು ಗಳಿಗೆ ತಡವಾಗಿ ಎಂದು ಯಂಕಪ್ಪ ಗೊಣಗಿದ. ಒಂದು ವಾರ ಊರಿಗೆ ಹಾಲು ತಡವಾಯಿತು, ಆಮೇಲೆ ಅವನಿಗೂ ರೂಢಿಯಾಯಿತು. ಬಾಳಪ್ಪಜ್ಜ ಗೋಡೆಯ ಕಡೆಯಿಂದ ಈಚೆ ತಿರುಗಿ, ಯಾರ ಕೈ ಅದು, ಅಡ್ಡಾದಿಡ್ಡಿ ಐತಲ್ಲ ಎಂದು ಕೇಳಿದನಂತೆ. ಕಸ್ತೂರಿಯದು ಎಂದು ಹೇಳಿದರಂತೆ. ನಿದ್ದೆಯವ್ವನ ಮಗಳದು ಎನ್ನಲಿಲ್ಲ.

ಅದು ಮರುರಾತ್ರಿಯ ಮಾತು. ಗಾಜು ತೊಳೆದ ಆ ಬೆಳಿಗ್ಗೆ ನಾನು ಗುಡ್ಡ ಇಳಿದು ಬಂದವಳು ರೊಟ್ಟಿ ಬಡಿಯಲಿಲ್ಲ, ಒಲೆ ಹಚ್ಚಲಿಲ್ಲ. ಖಾನಾವಳಿಯವನು ಬಂದು ಬಾಗಿಲು ಬಡಿದು ಹೋದನಂತೆ. ಸೆರಗು ಹೊದ್ದು ಮಧ್ಯಾಹ್ನದವರೆಗೆ ಮಲಗಿದೆ. ಬೇಕಾದರೆ ಅದನ್ನು ಬರೆದುಕೊಳ್ಳಲಿ.